ಹಾವೊ ಮುಗಿಸಿ ಇಂಟರ್‌ನ್ಯಾಷನಲ್ ಬಿಸಿನೆಸ್ ಓದಿಸೋದಾ ಅಂತ ಕೇಳಿದವರಿಗೆ

ಎಲ್ಲರಿಗೂ ನಮಸ್ಕಾರ. ಮೊನ್ನೆ ಒಬ್ಬರು ಇಲ್ಲಿ ಕೇಳಿದ್ದರು. ಮಗ ಹಾವೊ (ಇಲ್ಲಿ ನೆದರ್‌ಲ್ಯಾಂಡ್ಸ್‌ನ ಹೈಸ್ಕೂಲಿನಲ್ಲಿ ಯೂನಿವರ್ಸಿಟಿಗೆ ಕಳಿಸುವ ದಾರಿಗಿಂತ ಒಂದು ಮೆಟ್ಟಿಲು ಕೆಳಗಿನದು) ನಾಲ್ಕನೇ ಕ್ಲಾಸಿನಲ್ಲಿದ್ದಾನೆ, ಮುಂದೆ ಇಂಟರ್‌ನ್ಯಾಷನಲ್ ಬಿಸಿನೆಸ್ ಅಂತಾನೆ, ಅದು ಯೂನಿವರ್ಸಿಟಿಯೂ ಅಲ್ಲ ಎಂಜಿನಿಯರಿಂಗೂ ಅಲ್ಲ, ಸುಮ್ನೆ ಬೆಂಗಳೂರಿಗೆ ಕಳಿಸಿ ಬಿಬಿಎ ಮಾಡಿಸೋಣವಾ ಅಂತ. ಕೆಳಗೆ ಬಂದ ಉತ್ತರಗಳನ್ನೆಲ್ಲ ಓದಿದೆ. "ಬೇರೇನೂ ಸಿಗದವರು ತಗೊಳ್ಳೋ ಕೋರ್ಸು" ಎಂದವರೂ ಇದ್ದಾರೆ. ನನ್ನ ಮಗಳು ಇದೇ ಕೋರ್ಸಿನ ಕೊನೇ ವರ್ಷದಲ್ಲಿದ್ದಾಳೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ನನ್ನ ಕತೆ. ನಾವು 2011ರಲ್ಲಿ ಐಂಡ್‌ಹೋವನ್ ಹತ್ತಿರ ಬಂದಾಗ ಮಗಳಿಗೆ ಆರು ವರ್ಷ. ಎಂಟನೇ ಗ್ರೂಪಿನಲ್ಲಿ, ಅಂದರೆ ಪ್ರೈಮರಿಯ ಕೊನೇ ವರ್ಷದಲ್ಲಿ, ಮುಂದಿನ ಹೈಸ್ಕೂಲಿಗೆ ಸ್ಕೂಲಿನವರು ಕೊಟ್ಟ ಸಲಹೆ ಹಾವೊ. ಆ ವರ್ಷ ಯುಗಾದಿ ಕಾರ್ಯಕ್ರಮದಲ್ಲಿ ಯಾರಾದರೂ "ನಿಮ್ಮವಳಿಗೆ ಏನು ಬಂತು?" ಅಂದರೆ ನಾನು ಒಬ್ಬಟ್ಟಿನ ತಟ್ಟೆ ಎತ್ತಿಕೊಂಡು ಅಡುಗೆಮನೆ ಕಡೆ ಹೋಗುತ್ತಿದ್ದೆ. ಅರಸೀಕೆರೆಗೆ ಫೋನ್ ಮಾಡಿದಾಗಲೂ ಹೇಳಲಿಲ್ಲ. ಹನ್ನೆರಡು ವರ್ಷದ ಮಗುವಿನ ಬಗ್ಗೆ ನಾಚಿಕೆಪಟ್ಟಿದ್ದೆ ಅಂತ ಈಗ ನೆನೆಸಿಕೊಂಡರೆ ನನಗೇ ನಾಚಿಕೆ.

ಹೊಸದಾಗಿ ಬಂದವರಿಗಾಗಿ ಎರಡು ಮಾತು. ಇಲ್ಲಿ ಹಾವೊ ಐದು ವರ್ಷ, ವಿಡಬ್ಲ್ಯೂಓ ಆರು ವರ್ಷ. ಹಾವೊ ಮುಗಿಸಿದವರು ಎಚ್‌ಬಿಓಗೆ, ಅಂದರೆ ವೃತ್ತಿಗೆ ತಯಾರು ಮಾಡುವ ಡಿಗ್ರಿ ಕಾಲೇಜಿಗೆ ಹೋಗುತ್ತಾರೆ, ವಿಡಬ್ಲ್ಯೂಓ ಮುಗಿಸಿದವರು ಯೂನಿವರ್ಸಿಟಿಗೆ. ಬಾಗಿಲೇನೂ ಮುಚ್ಚಿಬಿಡುವುದಿಲ್ಲ. ಹಾವೊ ಪಾಸಾದ ಮೇಲೆ ವಿಡಬ್ಲ್ಯೂಓ ಐದಕ್ಕೆ ಸೇರಬಹುದು, ಒಂದು ವಿಷಯ ಹೆಚ್ಚಿಗೆ ಮಾಡಿರಬೇಕು ಅಷ್ಟೇ. ಎಚ್‌ಬಿಓ ಡಿಗ್ರಿ ಆದ ಮೇಲೆ ಪ್ರೀಮಾಸ್ಟರ್ ಅನ್ನೋ ತಯಾರಿ ಕೋರ್ಸು ಮಾಡಿ ಯೂನಿವರ್ಸಿಟಿಯ ಮಾಸ್ಟರ್ಸ್‌ಗೂ ಹೋಗಬಹುದು.

ಈಗ ಕೋರ್ಸಿನ ವಿಷಯ. ತುಂಬಾ ಜನ ಎಡವುವುದು ಇಲ್ಲೇ. ಇಂಟರ್‌ನ್ಯಾಷನಲ್ ಬಿಸಿನೆಸ್ ಎನ್ನುವ ಹೆಸರು ಎರಡೂ ಕಡೆ ಇದೆ. ಗ್ರೋನಿಂಗನ್, ಮಾಸ್ಟ್ರಿಕ್ಟ್ ಯೂನಿವರ್ಸಿಟಿಗಳಲ್ಲಿ ಇರುವುದು ಮೂರು ವರ್ಷದ್ದು, 180 ಪಾಯಿಂಟ್ (ಓದಿನ ಕ್ರೆಡಿಟ್). ರಾಟರ್‌ಡ್ಯಾಮ್‌ನಲ್ಲಿ ಅದೇ ಧಾಟಿಯದಕ್ಕೆ ಇಂಟರ್‌ನ್ಯಾಷನಲ್ ಬಿಸಿನೆಸ್ ಅಡ್ಮಿನಿಸ್ಟ್ರೇಷನ್ ಅಂತ ಹೆಸರು. ಅಲ್ಲಿ ಸೀಟು ಮಿತಿ ಇದೆ. ಜನವರಿ 15ರೊಳಗೆ ಅರ್ಜಿ ಹಾಕಬೇಕು, ಏಪ್ರಿಲ್ 15ಕ್ಕೆ ರ‍್ಯಾಂಕ್ ತಿಳಿಯುತ್ತದೆ. ಇವಕ್ಕೆಲ್ಲ ವಿಡಬ್ಲ್ಯೂಓ ಬೇಕು, ಅದರಲ್ಲಿ ಗಣಿತ ಎ ಅಥವಾ ಬಿ (ಹೈಸ್ಕೂಲ್ ಗಣಿತದ ಎರಡು ಬಗೆ) ಬೇಕು. ಎಚ್‌ಬಿಓದಲ್ಲಿ ಇರುವುದು ನಾಲ್ಕು ವರ್ಷದ್ದು, 240 ಪಾಯಿಂಟ್. ಹಳಬರು ಇದನ್ನು ಐಬಿಎಂಎಸ್ ಅಂತ ಕರೆಯುತ್ತಾರೆ, ಆಗ ಅದೇ ಹೆಸರಿತ್ತು. ಒಂದು ಪಾಯಿಂಟ್ ಅಂದರೆ 28 ಗಂಟೆ ಓದು. ವರ್ಷಕ್ಕೆ 60 ಪಾಯಿಂಟ್. ಲೆಕ್ಕ ಹಾಕಿ ನೋಡಿ, ಅದು ಪೂರ್ತಿ ಹೊತ್ತಿನ ನೌಕರಿಯಷ್ಟು. ಮೊದಲ ವರ್ಷ ಕಾಲೇಜು ಹೇಳಿದಷ್ಟು ಪಾಯಿಂಟ್ ಬರದಿದ್ದರೆ ಬಹಳಷ್ಟು ಕಡೆ ಆ ಕೋರ್ಸಿನಿಂದ ಕಳಿಸಿಯೇ ಬಿಡುತ್ತಾರೆ. ನಮ್ಮ ಕಡೆಯ ಹಾಗೆ ಬ್ಯಾಕ್‌ಲಾಗ್ ಇಟ್ಟುಕೊಂಡು ಎಳೆಯಲು ಆಗುವುದಿಲ್ಲ.

ಯೂನಿವರ್ಸಿಟಿಯಲ್ಲಿ ಥಿಯರಿ, ಅಂಕಿಅಂಶ, ಸಂಶೋಧನೆ ಜಾಸ್ತಿ. ಎಚ್‌ಬಿಓದಲ್ಲಿ ಕಂಪನಿಗಳ ಪ್ರಾಜೆಕ್ಟು, ಇಂಟರ್ನ್‌ಶಿಪ್ಪು, ಅರ್ಧ ವರ್ಷ ಹೊರದೇಶ. ಮಗಳು ಸ್ಪೇನ್‌ಗೆ ಹೋಗಿದ್ದಳು. ಅದರ ಬಗ್ಗೆ ಹೇಳುವುದು ಜಾಸ್ತಿ ಏನಿಲ್ಲ. ಬಿಸಿಲಿತ್ತು, ದುಡ್ಡು ಖರ್ಚಾಯಿತು.

ಈ ಕೋರ್ಸಿನಲ್ಲಿ ಏನು ಕಲಿಸುತ್ತಾರೆ ಅಂತ ನನಗೆ ನಿಜವಾಗಿ ಗೊತ್ತಾಗಿದ್ದು ಒಂದು ಸೀಸೆಯಿಂದ. ಎರಡನೇ ವರ್ಷದ ಪ್ರಾಜೆಕ್ಟು. ಇಲ್ಲಿ ಅಂಗಡಿಯಲ್ಲಿ ಸಿಗುವ ಯಾವುದಾದರೂ ಒಂದು ಆಮದು ಮಾಲು ತಗೊಂಡು, ಅದು ಬಂದ ದಾರಿಯನ್ನು ಹಿಂದಕ್ಕೆ ಹುಡುಕಿಕೊಂಡು ಹೋಗಬೇಕು. ನಾಲ್ಕು ಜನರ ಗುಂಪು. ಚಾಕೊಲೇಟು, ಕಾಫಿ ಅಂತ ಉಳಿದವರೆಲ್ಲ ಹೇಳುತ್ತಿದ್ದರಂತೆ. ಇವಳು ಒಂದು ಉಪ್ಪುನೀರಿನ ಸೌತೆಮಿಡಿ ಸೀಸೆ ತಂದು ನಮ್ಮ ಊಟದ ಟೇಬಲ್ ಮೇಲಿಟ್ಟಳು. ಲೇಬಲ್‌ನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬೆಳೆದ ದೇಶ ಭಾರತ ಅಂತಿತ್ತು.

"ಅಮ್ಮ, ಇದನ್ನ ನಮ್ಮ ಕಡೆ ಬೆಳೀತಾರಾ?" ಅಂದಳು. ಬೆಳೀತಾರಾ ಅಂದರೆ! ನನ್ನ ಸೋದರಮಾವ ಅರಸೀಕೆರೆ ಹತ್ತಿರ ಅರ್ಧ ಎಕರೆಯಲ್ಲಿ ಎಷ್ಟೋ ವರ್ಷ ಬೆಳೆದಿದ್ದಾರೆ. 1990ರ ದಶಕದಿಂದ ಕರ್ನಾಟಕದಲ್ಲಿ ಗೆರ್ಕಿನ್, ಅಂದರೆ ಈ ಸೌತೆಮಿಡಿ, ಬೆಳೆಸುತ್ತಿರುವುದು ಹೆಚ್ಚುಕಡಿಮೆ ಪೂರ್ತಿಯಾಗಿ ಹೊರದೇಶಕ್ಕಾಗಿಯೇ. ನಾವ್ಯಾರೂ ಅದನ್ನು ತಿನ್ನುವುದಿಲ್ಲ. ಕಂಪನಿಯವರೇ ಬೀಜ ಕೊಡುತ್ತಾರೆ, ಗೊಬ್ಬರ ಔಷಧಿ ಕೊಡುತ್ತಾರೆ, ಕೊನೆಗೆ ಕಾಯಿ ತಗೊಂಡು ಅದರ ಲೆಕ್ಕ ಮುರಿದುಕೊಳ್ಳುತ್ತಾರೆ.

ಅವತ್ತು ರಾತ್ರಿ ವಿಡಿಯೋ ಕಾಲ್ ಹಾಕಿದೆವು. ಮಾವ ಸೀಸೆ ನೋಡಿ ಮೊದಲು ಹೇಳಿದ್ದು "ಮುಚ್ಚಳ ತೆಗಿ, ಎಷ್ಟು ಕಾಯಿ ಇದೆ ಎಣಿಸು." ಯಾಕೆ ಅಂದರೆ ಗೆರ್ಕಿನ್‌ನಲ್ಲಿ ತೂಕಕ್ಕಿಂತ ಎಣಿಕೆ ಮುಖ್ಯ. ಕೆಜಿಗೆ 160ಕ್ಕಿಂತ ಜಾಸ್ತಿ ಕಾಯಿ ನಿಂತರೆ ಅದು ಮೇಲಿನ ದರ್ಜೆ, ಒಳ್ಳೆ ರೇಟು. ಕಾಯಿ ದಪ್ಪ ಆದಷ್ಟೂ ರೇಟು ಇಳಿಯುತ್ತದೆ. ತೀರಾ ದಪ್ಪಗಾದದ್ದನ್ನು ತಗೊಳ್ಳುವುದೇ ಇಲ್ಲ, ದನಕ್ಕೆ ಹಾಕಬೇಕು. ಕಾಯಿ ಎಷ್ಟು ಬೇಗ ಬೆಳೆಯುತ್ತದೆ ಅಂದರೆ ದಿನಾ ಕೀಳಬೇಕು. "ಒಂದು ದಿನ ಕೂಲಿಯವರು ಬರದೆ ಇದ್ರೆ ನನ್ನ ದುಡ್ಡು ಎಮ್ಮೆ ಹೊಟ್ಟೆಗೆ ಹೋಯ್ತು ಅಂತಾನೇ ಲೆಕ್ಕ" ಅಂದರು ಮಾವ.

ಮಗಳು ಅದನ್ನೆಲ್ಲ ಅರ್ಧ ಕನ್ನಡ ಅರ್ಧ ಡಚ್ಚಿನಲ್ಲಿ ನೋಟ್‌ಬುಕ್ಕಿಗೆ ಗೀಚಿಕೊಂಡಳು. ಅವಳ ಕನ್ನಡ ಅಷ್ಟೇನೂ ಚೆನ್ನಾಗಿಲ್ಲ. "ಮುರಿದುಕೊಳ್ಳೋದು ಅಂದ್ರೆ ಒಡೆಯೋದಾ?" ಅಂತ ಕೇಳಿದಳು. ಮಾವ ಕಂಪನಿ ಚೀಟಿ ಹುಡುಕಿ ತಂದು ಕ್ಯಾಮೆರಾ ಮುಂದೆ ಹಿಡಿದರು. ಬೀಜಕ್ಕೆ ಇಷ್ಟು, ಔಷಧಿಗೆ ಇಷ್ಟು, ಕೈಗೆ ಬಂದದ್ದು ಇಷ್ಟು.

ಆಮೇಲೆ ಅವಳ ಪಾಠದ ಪದಗಳು ಬಂದವು. ಇನ್‌ಕೋಟರ್ಮ್ಸ್ ಅಂತ 11 ನಿಯಮಗಳಿವೆ, 2020ರ ಆವೃತ್ತಿ. ಮಾಲು ಕೈ ಬದಲಾಗುವಾಗ ಯಾವ ಜಾಗದಿಂದ ಯಾರ ಖರ್ಚು, ಯಾರ ಅಪಾಯ ಅಂತ ಹೇಳುವ ಮೂರಕ್ಷರದ ಪದಗಳು. ಎಫ್‌ಓಬಿ ಅಂದರೆ ಹಡಗಿಗೆ ಏರಿಸುವವರೆಗೆ ಮಾರುವವನದ್ದು, ಅಲ್ಲಿಂದಾಚೆ ಕೊಳ್ಳುವವನದ್ದು. ಸಿಐಎಫ್ ಆದರೆ ಮಾಲು ತಲುಪುವ ಬಂದರಿನ ತನಕ ಬಾಡಿಗೆ, ವಿಮೆ ಎರಡನ್ನೂ ಮಾರುವವನೇ ಕಟ್ಟುತ್ತಾನೆ. ಆದರೆ ಅಪಾಯ ಮಾತ್ರ ಹಡಗಿಗೆ ಏರಿಸಿದಾಗಲೇ ಕೊಳ್ಳುವವನ ತಲೆಗೆ ಬಂದಿರುತ್ತದೆ. ಈ ಕೊನೆಯದು ಪರೀಕ್ಷೆಯಲ್ಲಿ ಅರ್ಧ ಕ್ಲಾಸು ತಪ್ಪು ಬರೆಯುತ್ತದಂತೆ. ಅದೇ ಚಳಿಗಾಲ, 2023ರ ಕೊನೆಗೆ, ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಯಿತು. ಏಷ್ಯಾದಿಂದ ರಾಟರ್‌ಡ್ಯಾಮ್‌ಗೆ ಬರುವ ಕಂಟೇನರ್ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಬರತೊಡಗಿದವು. ಹತ್ತು ಹದಿನಾಲ್ಕು ದಿನ ಜಾಸ್ತಿ, ಬಾಡಿಗೆಯೂ ಜಾಸ್ತಿ. ಪ್ರಾಜೆಕ್ಟಿನ ಅಂಕಿಗಳನ್ನೆಲ್ಲ ಮತ್ತೆ ಬರೆಯಬೇಕಾಯಿತು ಅಂತ ಗೊಣಗಿದಳು.

ಕೊನೆಯ ಪ್ರೆಸೆಂಟೇಷನ್‌ನಲ್ಲಿ ಟೀಚರ್ ಕೇಳಿದ್ದು ಒಂದೇ ಪ್ರಶ್ನೆಯಂತೆ: ಈ ದಾರಿಯಲ್ಲಿ ಅಪಾಯ ಅತಿ ಹೆಚ್ಚು ಯಾರ ಮೇಲಿದೆ? ಹಡಗು, ವಿಮೆ, ಡಾಲರ್ ರೇಟು ಅಂತ ಜೊತೆಯವರು ಹೇಳುತ್ತಿರುವಾಗ ಇವಳು ಎಮ್ಮೆಯ ಕತೆ ಹೇಳಿದಳು. ಹೊಲದ ಬದುವಿನ ತನಕದ ಅಪಾಯಕ್ಕೆ ಆ 11ರಲ್ಲಿ ಯಾವ ಅಕ್ಷರವೂ ಇಲ್ಲ ಅಂದಳಂತೆ. ನನಗೆ ಆಗ ಅನಿಸಿದ್ದು, ಶನಿವಾರದ ಕನ್ನಡ ಕ್ಲಾಸಿಗೆ ಅಳುತ್ತಿದ್ದವಳನ್ನು ಎಳೆದುಕೊಂಡು ಹೋಗಿದ್ದು ದಂಡವಾಗಲಿಲ್ಲ.

ಎಲ್ಲ ಚೆನ್ನಾಗಿಯೇ ನಡೆಯಿತು ಅಂದುಕೊಳ್ಳಬೇಡಿ. ಮೊದಲ ವರ್ಷ ಗುಂಪು ಕೆಲಸದಲ್ಲಿ ಅವಳಿಗೆ ಬಂದ ಮಾರ್ಕು ನೋಡಿ ನಾನೇ ಬೆಚ್ಚಿದೆ. ಸಹಪಾಠಿಗಳು ಬರೆದಿದ್ದರು, ಇವಳು ಕೆಲಸ ಮಾಡುತ್ತಾಳೆ, ಬಾಯಿ ಬಿಡುವುದಿಲ್ಲ ಅಂತ. ಅದೇ ಹೊತ್ತಿಗೆ ಅವಳಿಗೆ ಹಾಫ್‌ಸ್ಟೆಡೆ ಅವರ ಪಾಠ ನಡೆಯುತ್ತಿತ್ತು. ಇಲ್ಲಿಯವರೇ, ಐಬಿಎಂ ನೌಕರರ ಉತ್ತರಗಳನ್ನು ಇಟ್ಟುಕೊಂಡು ದೇಶದೇಶದ ಸಂಸ್ಕೃತಿಗೆ ಅಂಕ ಕೊಟ್ಟವರು. ದೊಡ್ಡವರು ಚಿಕ್ಕವರು ಎಂಬ ಅಂತರವನ್ನು ಜನ ಎಷ್ಟು ಒಪ್ಪಿಕೊಂಡಿದ್ದಾರೆ ಎನ್ನುವುದಕ್ಕೆ ಭಾರತಕ್ಕೆ 77, ನೆದರ್‌ಲ್ಯಾಂಡ್ಸ್‌ಗೆ 38. ಒಂದು ದೇಶವನ್ನು ಒಂದು ಸಂಖ್ಯೆಗೆ ಇಳಿಸುವುದು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಆದರೂ ಮಗಳು ಪುಸ್ತಕ ತೋರಿಸಿ "ನಮ್ಮ ಮನೇಲಿ 77, ಕಾಲೇಜಲ್ಲಿ 38, ನಾನು ಬಸ್ಸಲ್ಲಿ ಚೇಂಜ್ ಮಾಡ್ಕೋಬೇಕು" ಅಂದಾಗ ಉತ್ತರ ಹೊಳೆಯಲಿಲ್ಲ. ದೊಡ್ಡವರಿಗೆ ಎದುರು ಮಾತಾಡಬೇಡ ಅಂತ ಕಲಿಸಿದವಳು ನಾನೇ ಅಲ್ವಾ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿದ್ದು. ಕೋರ್ಸು ಪೂರ್ತಿ ಇಂಗ್ಲಿಷಿನಲ್ಲಿದೆ, ಹಾಗಾಗಿ ಡಚ್ ಬೇಕಿಲ್ಲ ಅಂತ ಮೂರ್ನಾಲ್ಕು ಜನ ಬರೆದಿದ್ದೀರಿ. ಇದನ್ನು ನಂಬಬೇಡಿ. ಪಾಠ ಇಂಗ್ಲಿಷಿನಲ್ಲಿ ಇರುತ್ತದೆ, ಕೆಲಸ ಡಚ್ಚಿನಲ್ಲಿ ಇರುತ್ತದೆ. ಮಗಳು ಇಂಟರ್ನ್‌ಶಿಪ್ ಮಾಡಿದ್ದು ಹೂವಿನ ದೊಡ್ಡ ಹರಾಜು ನಡೆಯುವ ಆಲ್ಸ್‌ಮೇರ್ ಕಡೆ, ಹೂವು ರಫ್ತು ಮಾಡುವ ಒಂದು ಸಣ್ಣ ಕಂಪನಿಯಲ್ಲಿ. ಗಿರಾಕಿಗಳು ಪೋಲೆಂಡ್, ಇಟಲಿಯವರು. ಅವರಿಗೆ ಬರೆಯುವ ಮೇಲ್ ಎಲ್ಲ ಇಂಗ್ಲಿಷ್. ಆದರೆ ಬೆಳಿಗ್ಗೆ ಆರಕ್ಕೆ ಹರಾಜಿನ ಹೊತ್ತಿಗೆ ಆಫೀಸಿನಲ್ಲಿ ಕೂಗಾಟವೆಲ್ಲ ಡಚ್ಚು. ಅಲ್ಲಿ ಗಡಿಯಾರ ಮೇಲಿನ ಬೆಲೆಯಿಂದ ಕೆಳಗೆ ಓಡುತ್ತದೆ, ಮೊದಲು ಗುಂಡಿ ಒತ್ತಿದವನಿಗೆ ಹೂವು. ಎರಡು ಸೆಕೆಂಡು ತಡವಾಗಿ ಅರ್ಥ ಮಾಡಿಕೊಂಡರೆ ಮಾಲು ಹೋಯಿತು. ಮಧ್ಯಾಹ್ನ ಬ್ರೆಡ್ಡು ಚೀಸು ತಿನ್ನುವಾಗಿನ ತಮಾಷೆಯೂ ಡಚ್ಚೇ. ಭಾರತದಿಂದ ನೇರ ಬಂದು ಸೇರಿದ ಅವಳ ಗೆಳತಿ ಕ್ಲಾಸಿನಲ್ಲಿ ಇವಳಿಗಿಂತ ಮುಂದೆ. ಆದರೆ ಇಂಟರ್ನ್‌ಶಿಪ್‌ಗೆ ಜಾಗ ಸಿಗಲು ಐದು ತಿಂಗಳು ಒದ್ದಾಡಿದಳು. ಒಂದು ಕಂಪನಿ ಎರಡು ಸುತ್ತು ಇಂಟರ್‌ವ್ಯೂ ಮಾಡಿ, ಕೊನೆಗೆ ಭಾಷೆಯ ಕಾರಣ ಹೇಳಿ ಬೇಡ ಅಂದಿತು. ಮೊದಲ ದಿನವೇ ಹೇಳಬಹುದಿತ್ತು.

ಹಾವೊ ಓದುತ್ತಿರುವ ನಿಮ್ಮ ಮಗನಿಗೆ ಡಚ್ ಈಗಾಗಲೇ ಬಾಯಲ್ಲಿದೆ. ಅದೇ ಅವನ ಬಂಡವಾಳ. ಅವನನ್ನು ಮೂರು ವರ್ಷ ಬೆಂಗಳೂರಿಗೆ ಕಳಿಸಿದರೆ ಮೊದಲು ತುಕ್ಕು ಹಿಡಿಯುವುದು ಅದಕ್ಕೇ. ಬೆಂಗಳೂರಿನ ಬಿಬಿಎ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ನನ್ನ ತಂಗಿ ಮಗ ಅದನ್ನೇ ಮಾಡಿ ಚೆನ್ನಾಗಿದ್ದಾನೆ. ಆದರೆ ಅವನು ಅಲ್ಲೇ ಇರುವವನು. ನಿಮ್ಮವನು ವಾಪಸ್ ಇಲ್ಲಿಗೆ ಬರಬೇಕು ಅಂತಿದ್ದರೆ, ಅಲ್ಲಿಯ ಮೂರು ವರ್ಷದ ಡಿಗ್ರಿಯನ್ನು ಇಲ್ಲಿ ಹೇಗೆ ಅಳೆಯುತ್ತಾರೆ ಅನ್ನುವುದು ಒಂದು ತಲೆನೋವು. ಇನ್ನೊಂದು ವಾಸದ ಕಾರ್ಡು. ತುಂಬಾ ದಿನ ಹೊರಗಿದ್ದರೆ ಅದನ್ನೇ ರದ್ದು ಮಾಡಬಹುದು. ಮೊದಲು ಐಎನ್‌ಡಿಗೆ (ಇಲ್ಲಿಯ ವಲಸೆ ಇಲಾಖೆ) ಕೇಳಿ, ಆಮೇಲೆ ಟಿಕೆಟ್ ನೋಡಿ.

ಫೀಸಿನ ವಿಷಯಕ್ಕೂ ಆ ಕಾರ್ಡೇ ಆಧಾರ. ಸರ್ಕಾರ ಗೊತ್ತುಮಾಡಿದ ಫೀಸು 2025-26ಕ್ಕೆ 2,601 ಯೂರೋ. ಅದು ಯುರೋಪಿಯನ್ ಒಕ್ಕೂಟದ ಪಾಸ್‌ಪೋರ್ಟ್ ಇರುವವರಿಗೆ ಮತ್ತು ಕೆಲವು ಬಗೆಯ ವಾಸದ ಪರವಾನಗಿ ಇರುವವರಿಗೆ. ಉಳಿದವರಿಗೆ ಅದರ ಹಲವು ಪಟ್ಟು. ಒಂದೇ ಬೀದಿಯ ಎರಡು ಕನ್ನಡ ಮನೆಗಳಲ್ಲಿ ಒಬ್ಬರಿಗೆ ಇಷ್ಟು, ಇನ್ನೊಬ್ಬರಿಗೆ ಅಷ್ಟು ಬಂದಿದ್ದನ್ನು ನೋಡಿದ್ದೇನೆ. ಹಾಗಾಗಿ ಪಕ್ಕದ ಮನೆಯವರನ್ನು ಕೇಳಿ ಲೆಕ್ಕ ಹಾಕಬೇಡಿ, ಮಗನ ಕಾರ್ಡ್ ಹಿಡಿದುಕೊಂಡು ಡ್ಯುಓ (ವಿದ್ಯಾರ್ಥಿ ಹಣಕಾಸು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಮತ್ತು ಕಾಲೇಜನ್ನೇ ಕೇಳಿ. 2023ರ ಸೆಪ್ಟೆಂಬರ್‌ನಿಂದ ಬೇಸಿಸ್‌ಬ್ಯೂರ್ಸ್, ಅಂದರೆ ಸರ್ಕಾರ ಕೊಡುವ ಮೂಲ ವಿದ್ಯಾರ್ಥಿವೇತನ, ಮತ್ತೆ ಬಂದಿದೆ, ಅರ್ಹತೆ ಇದ್ದರೆ ಅದನ್ನೂ ಬಿಡಬೇಡಿ. ಹತ್ತು ವರ್ಷದೊಳಗೆ ಡಿಪ್ಲೊಮಾ ಪಡೆದರೆ ವಾಪಸ್ ಕೊಡಬೇಕಿಲ್ಲ.

"ಬೇರೇನೂ ಸಿಗದವರ ಕೋರ್ಸು" ಅಂದವರಿಗೆ: ಸರ್, ಒಂದು ಅರ್ಥದಲ್ಲಿ ನಿಮ್ಮ ಮಾತು ನಿಜ. ಏನು ಮಾಡಬೇಕು ಅಂತ ಗೊತ್ತಿಲ್ಲದೆ ಬಂದು ಸೇರುವ ಹುಡುಗರು ಇದರಲ್ಲಿ ಜಾಸ್ತಿ. ಮಗಳ ಕ್ಲಾಸಿನಲ್ಲೂ ಮೊದಲ ವರ್ಷವೇ ಎಷ್ಟೋ ಜನ ಬಿಟ್ಟು ಹೋದರು. ಎಲ್ಲದರಲ್ಲಿ ಸ್ವಲ್ಪ ಸ್ವಲ್ಪ ಕಲಿಸುತ್ತಾರೆ, ಒಂದರಲ್ಲೂ ಆಳ ಇಲ್ಲ ಎನ್ನುವ ದೂರು ನಮ್ಮ ಮನೆಯಲ್ಲೂ ಇದೆ. ಅದಕ್ಕೇ ಮಗಳು ಕೊನೇ ವರ್ಷ ಸಾಗಣೆಯ ಕಡೆಗೆ ಹೊರಳಿದ್ದಾಳೆ, ಕಸ್ಟಮ್ಸ್ ಕಾಗದಪತ್ರ ಕಲಿಯುತ್ತಿದ್ದಾಳೆ. ಅದು ಯಾರಿಗೂ ಇಷ್ಟವಿಲ್ಲದ ಕೆಲಸ, ಅದಕ್ಕೇ ಜನ ಬೇಕು ಅಂತಾಳೆ.

ಪ್ರಶ್ನೆ ಕೇಳಿದವರಿಗೆ ಕೊನೆಯದಾಗಿ: ಕಾಲೇಜಿನ ಓಪನ್ ಡೇಗೆ ನೀವೊಬ್ಬರೇ ಹೋಗಬೇಡಿ, ಮಗನನ್ನು ಕರೆದುಕೊಂಡು ಹೋಗಿ, ಪ್ರಶ್ನೆ ಅವನೇ ಕೇಳಲಿ. ಎರಡನೇ ವರ್ಷದ ವಿದ್ಯಾರ್ಥಿಗಳು ಸ್ಟಾಲ್‌ನಲ್ಲಿ ನಿಂತಿರುತ್ತಾರೆ, ಇಂಟರ್ನ್‌ಶಿಪ್ ಹೇಗೆ ಹುಡುಕುತ್ತಿದ್ದೀರಿ ಅಂತ ಅವರನ್ನೇ ಕೇಳಿಸಿ. ಬೇಕಾದರೆ ನನ್ನ ಮಗಳ ಹತ್ತಿರ ಮಾತಾಡಿಸುತ್ತೇನೆ, ಮೆಸೇಜ್ ಹಾಕಿ. ಶನಿವಾರ ಬೆಳಿಗ್ಗೆ ಮಾತ್ರ ಬೇಡ. ಹರಾಜಿನ ಆರು ತಿಂಗಳ ನಿದ್ದೆಯನ್ನು ಅವಳು ಇನ್ನೂ ತೀರಿಸುತ್ತಿದ್ದಾಳೆ.