ಅಣಕು ವಿಚಾರಣೆಯಲ್ಲಿ ಶೀಘ್ರಲಿಪಿಗಾರರಿಗೆ ಒಂದು ಕುರ್ಚಿ ಬೇಕೇ?

ನಿವೃತ್ತ ಶೀಘ್ರಲಿಪಿಗಾರ:
ಜಿಲ್ಲಾ ನ್ಯಾಯಾಲಯವೊಂದರಲ್ಲಿ ಮೂವತ್ತೊಂದು ವರ್ಷ ಸಾಕ್ಷಿಗಳ ಹೇಳಿಕೆ ಬರೆದುಕೊಂಡವನು ನಾನು. ಕಳೆದ ತಿಂಗಳು ಒಂದು ಕಾನೂನು ಕಾಲೇಜಿನ ಅಣಕು ವಿಚಾರಣೆಗೆ ಸಂಭಾವನೆಯಿಲ್ಲದೆ ಹೋಗಿ, ವಿದ್ಯಾರ್ಥಿಗಳು ನಡೆಸಿದ ಪಾಟಿ ಸವಾಲನ್ನು ಮಾತು ಬಿಡದೆ ಶೀಘ್ರಲಿಪಿಯಲ್ಲಿ ಬರೆದುಕೊಂಡು, ಸಂಜೆ ಬೆರಳಚ್ಚು ಮಾಡಿ ಅವರ ಕೈಗಿತ್ತೆ. ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಿದ್ದ "ಅವನು ಅಲ್ಲಿಂದ ಇಲ್ಲಿಗೆ ಇಷ್ಟು ಬೇಗ ಬಂದನೇ?" ಎಂಬ ಪ್ರಶ್ನೆಗೆ ಕಾಗದದ ಮೇಲೆ ಅರ್ಥವೇ ಇರಲಿಲ್ಲ, ಏಕೆಂದರೆ ಪ್ರಶ್ನಿಸಿದವರು ಕೈ ತೋರಿಸಿದ ದಿಕ್ಕು ಕಾಗದಕ್ಕೆ ಬರುವುದಿಲ್ಲ. ಮೇಲ್ಮನವಿ ಕೇಳುವ ನ್ಯಾಯಾಧೀಶರು ಓದುವುದು ಆ ಕಾಗದವನ್ನೇ. ನಿವೃತ್ತರಾದ ನಮ್ಮಂಥವರು ಈ ಕೆಲಸವನ್ನು ಸ್ವಇಚ್ಛೆಯಿಂದ ವಹಿಸಿಕೊಳ್ಳಬೇಕೆಂಬುದು ನನ್ನ ಪ್ರಸ್ತಾವ.

ಕಾನೂನು ಅಧ್ಯಾಪಕಿ:
ಸರ್, ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ಅಣಕು ನ್ಯಾಯಾಲಯಕ್ಕೆ 30 ಅಂಕಗಳಿವೆ. ವರ್ಷಕ್ಕೆ ಮೂರು, ಒಂದೊಂದಕ್ಕೆ 10. ಅದರಲ್ಲಿ ಅರ್ಧ ಲಿಖಿತ ವಾದಕ್ಕೆ, ಅರ್ಧ ಮೌಖಿಕ ವಾದಕ್ಕೆ. ಸಾಕ್ಷಿಯನ್ನು ಪ್ರಶ್ನಿಸುವುದಕ್ಕೆಂದು ಅಲ್ಲಿ ಪ್ರತ್ಯೇಕ ಅಂಕವಿಲ್ಲ. ಒಂದು ಸಿವಿಲ್ ಮತ್ತು ಒಂದು ಕ್ರಿಮಿನಲ್ ಪ್ರಕರಣದ ವಿಚಾರಣೆಯನ್ನು ನೋಡಿ ಬರಬೇಕೆಂಬ ನಿಯಮವೇನೋ ಇದೆ. ಆದರೆ ಹಿಂದಿನ ಬೆಂಚಿನಲ್ಲಿ ಕುಳಿತ ವಿದ್ಯಾರ್ಥಿಗೆ ಸಾಕ್ಷಿಯ ಮಾತೇ ಸರಿಯಾಗಿ ಕೇಳಿಸದಿರುವಾಗ, ಆ ಮಾತು ದಾಖಲೆಯಾಗುವ ಬಗೆ ಹೇಗೆ ತಿಳಿದೀತು?

ಸೇವೆಯಲ್ಲಿರುವ ಶೀಘ್ರಲಿಪಿಗಾರ್ತಿ:
ಹಿರಿಯರ ಮೇಲೆ ಗೌರವವಿಟ್ಟೇ ಎರಡು ಆಕ್ಷೇಪಗಳನ್ನು ಹೇಳುತ್ತೇನೆ. ಮೊದಲನೆಯದು, ನಮ್ಮ ವಿಚಾರಣಾ ನ್ಯಾಯಾಲಯಗಳಲ್ಲಿ ಸಾಕ್ಷಿಯ ಪ್ರತಿ ಮಾತನ್ನೂ ಇದ್ದಂತೆಯೇ ಬರೆಯುವ ಪದ್ಧತಿ ಇಲ್ಲ. ಕ್ರಿಮಿನಲ್ ಪ್ರಕರಣಗಳನ್ನು ನಡೆಸುವ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 311ನೇ ಕಲಮಿನಂತೆ ಸೆಷನ್ಸ್ ವಿಚಾರಣೆಯಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ನಿರೂಪಣೆಯ ರೂಪದಲ್ಲಿ, ಅಂದರೆ ಪ್ರಶ್ನೆಗಳನ್ನು ಬಿಟ್ಟು ಸಾಕ್ಷಿಯೇ ಹೇಳಿಕೊಂಡು ಹೋದಂತೆ, ದಾಖಲಿಸಬೇಕು. ಪ್ರಶ್ನೋತ್ತರ ರೂಪ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ನಾವು ಟೈಪ್ ಮಾಡುವುದು ಅವರ ಉಕ್ತಲೇಖನವನ್ನು. ಹಾಗಿರುವಾಗ ನೀವು ಕಲಿಸಿದ್ದು ಯಾವ ನ್ಯಾಯಾಲಯದ ಪದ್ಧತಿ? ಎರಡನೆಯದು, ನಮ್ಮ ಕೌಶಲ ಉಚಿತವಾಗಿ ಸಿಗುವ ವಸ್ತುವೆಂಬ ಭಾವನೆ ಬೆಳೆಯಬಾರದು. ಅತಿಥಿ ಉಪನ್ಯಾಸಕರಿಗೆ ಸಂಭಾವನೆ ಕೊಡುವ ಕಾಲೇಜು ಶೀಘ್ರಲಿಪಿಗಾರರಿಗೆ ಶಾಲು ಹೊದಿಸಿ ಕಳುಹಿಸಿದರೆ ನನಗೆ ನೋವಾಗುತ್ತದೆ.

ವಿಚಾರಣಾ ನ್ಯಾಯಾಲಯದ ವಕೀಲ:
ಮೇಡಂ ಅವರ ಮೊದಲ ಆಕ್ಷೇಪದೊಳಗೇ ಪಾಠವಿದೆ ಎಂದು ನನಗನ್ನಿಸುತ್ತದೆ. ನಾನು ಕೇಳುವುದು ಪ್ರಶ್ನೆ. ಕಡತದಲ್ಲಿ ಉಳಿಯುವುದು ಆ ಪ್ರಶ್ನೆಯೂ ಉತ್ತರವೂ ಸೇರಿ ಸಾಕ್ಷಿಯ ಬಾಯಲ್ಲಿ ಬಂದ "ನಾನು ಆ ದಿನ ಸ್ಥಳದಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ" ಎಂಬ ವಾಕ್ಯ. ಒಂದೇ ಪ್ರಶ್ನೆಯೊಳಗೆ ಎರಡು ಸಂಗತಿಗಳನ್ನು ತುರುಕಿದರೆ "ಎಂದರೆ ಸರಿ" ಎಂಬ ಉತ್ತರ ಯಾವುದಕ್ಕೆ ಸೇರಿತೆಂಬುದು ವಾದದ ಹೊತ್ತಿಗೆ ಯಾರಿಗೂ ತಿಳಿಯುವುದಿಲ್ಲ. ವೃತ್ತಿಯ ಆರಂಭದಲ್ಲಿ ಇಂಥ ಒಂದು ವಾಕ್ಯದಿಂದ ನನ್ನ ಕಕ್ಷಿದಾರರಿಗೆ ತೊಂದರೆಯಾಯಿತು, ಅದನ್ನು ನಾನು ಇಂದಿಗೂ ಮರೆತಿಲ್ಲ. ಆದ್ದರಿಂದ ಅಣಕು ವಿಚಾರಣೆಯಲ್ಲಿ ನ್ಯಾಯಾಧೀಶರ ಸ್ಥಾನದಲ್ಲಿ ಕುಳಿತವರು ನಿರೂಪಣೆಯನ್ನು ಉಕ್ತಲೇಖನ ಕೊಡಲಿ, ಪಕ್ಕದಲ್ಲಿ ಶೀಘ್ರಲಿಪಿಗಾರರು ಆಡಿದ ಮಾತನ್ನು ಆಡಿದಂತೆಯೇ ಬರೆಯಲಿ, ಆಮೇಲೆ ಎರಡೂ ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಓದಿಸಲಿ.

ಅಮೆರಿಕದಲ್ಲಿ ಕಾನೂನು ಓದಿದ ಕನ್ನಡಿಗ:
ಅಲ್ಲಿ ನಮ್ಮ ತರಗತಿಯ ಅಣಕು ವಿಚಾರಣೆಗೆ ನ್ಯಾಯಾಲಯ ವರದಿಗಾರ್ತಿಯೊಬ್ಬರು, ಅಂದರೆ ಅಲ್ಲಿನ ಶೀಘ್ರಲಿಪಿಗಾರ್ತಿ, ಸ್ವಇಚ್ಛೆಯಿಂದ ಶೀಘ್ರಲಿಪಿಯ ಸ್ಟೆನೊಟೈಪ್ ಯಂತ್ರದೊಂದಿಗೆ ಬಂದಿದ್ದರು. ಅವರ ರಾಷ್ಟ್ರೀಯ ಸಂಘದ ವೃತ್ತಿ ಪರೀಕ್ಷೆಯಲ್ಲಿ ಸಾಕ್ಷ್ಯದ ಭಾಗಕ್ಕೆ ನಿಮಿಷಕ್ಕೆ 225 ಪದಗಳ ವೇಗವೂ ಶೇ. 95ರಷ್ಟು ನಿಖರತೆಯೂ ಬೇಕು. ಅಂಥವರೂ ನಮ್ಮಲ್ಲಿಬ್ಬರು ಒಟ್ಟಿಗೆ ಮಾತನಾಡಿದಾಗ ಕೈಯೆತ್ತಿ ತಡೆದರು. ಸಾಕ್ಷಿ ತಲೆಯಾಡಿಸಿದಾಗ ಬಾಯಿಬಿಟ್ಟು ಹೇಳುವಂತೆ ಕೇಳಿದರು. ನಮ್ಮ "ಹೂಂ" ಮತ್ತು "ಉಹೂಂ" ನಡುವಿನ ಅಂತರದಲ್ಲಿ ಒಬ್ಬ ಮನುಷ್ಯನ ಬಿಡುಗಡೆ ಅಡಗಿರಬಹುದೆಂದು ನನಗೆ ಅಂದು ಹೊಳೆಯಿತು. ಸುಪ್ರೀಂ ಕೋರ್ಟ್ 2023ರ ಫೆಬ್ರವರಿಯಲ್ಲಿ ಸಂವಿಧಾನ ಪೀಠದ ವಾದಗಳನ್ನು ಕೃತಕ ಬುದ್ಧಿಮತ್ತೆಯಿಂದ ಬರಹಕ್ಕಿಳಿಸಲು ಆರಂಭಿಸಿದೆ ನಿಜ, ಆದರೆ ವಿದ್ಯಾರ್ಥಿ ತಪ್ಪುವ ಗಳಿಗೆಯಲ್ಲೇ ತಡೆದು ತಿದ್ದುವವರು ಎದುರಿಗಿರಬೇಕು.

ಸೇವೆಯಲ್ಲಿರುವ ಶೀಘ್ರಲಿಪಿಗಾರ್ತಿ:
ವಕೀಲರು ಹೇಳಿದ ಎರಡು ಪ್ರತಿಗಳ ಕ್ರಮ ನನಗೆ ಒಪ್ಪಿಗೆಯಾಯಿತು. ಮೊದಲ ಆಕ್ಷೇಪವನ್ನು ಹಿಂತೆಗೆದುಕೊಳ್ಳುತ್ತೇನೆ. ಎರಡನೆಯದು ಹಾಗೆಯೇ ಇರಲಿ.

ನಿವೃತ್ತ ಶೀಘ್ರಲಿಪಿಗಾರ:
ಇರಲಿ ತಾಯಿ, ಅದು ನ್ಯಾಯವಾದದ್ದೇ. ಪಿಂಚಣಿ ಇರುವ ನಾನು ಹಣ ಬೇಡವೆನ್ನಬಹುದು, ಅದನ್ನು ನಿಮಗೆಲ್ಲ ಅನ್ವಯಿಸುವಂತಿಲ್ಲ. ಅಧ್ಯಾಪಕಿಯವರೇ, ಮುಂದಿನ ಅಣಕು ವಿಚಾರಣೆಯನ್ನು ಕನ್ನಡದಲ್ಲೇ ಇಟ್ಟುಕೊಳ್ಳಿ. ನಮ್ಮ ತಾಲ್ಲೂಕು ನ್ಯಾಯಾಲಯಗಳ ಸಾಕ್ಷಿಗಳು ಮಾತನಾಡುವುದು ಆ ಭಾಷೆಯಲ್ಲಿ. ಕೊನೆಯಲ್ಲಿ ಹೇಳಿಕೆಯನ್ನು ಸಾಕ್ಷಿಗೆ ಓದಿ ಹೇಳಿ, ಸರಿಯಿದೆಯೇ ಎಂದು ಕೇಳುವ ಕೆಲಸವನ್ನೂ ವಿದ್ಯಾರ್ಥಿಗಳಿಂದಲೇ ಮಾಡಿಸೋಣ. ಪೆನ್ಸಿಲ್ ಮತ್ತು ನೋಟ್‌ಬುಕ್ ನಾನೇ ತರುತ್ತೇನೆ.