‘ಗ್ಯಾಸ್ ಹೋಗ್ತಿದೆಯಾ?’ – ಹೊಟ್ಟೆನೋವಿನ ವಾರ್ಡಿಗೆ ಬೇಕಾದ ಪದಗಳು

ಬಲ್ಲವರಿಗೆಲ್ಲ ನಮಸ್ಕಾರ. ಮಂಗಳೂರಿನ ಒಂದು ಆಸ್ಪತ್ರೆಯ ಸರ್ಜರಿ ವಾರ್ಡಿನಲ್ಲಿ ಕೆಲಸ ನನ್ನದು. ಇಲ್ಲಿನ ಮೆಡಿಕಲ್ ಕಾಲೇಜುಗಳಿಗೆ ಕೇರಳದಿಂದ, ಉತ್ತರದ ಕಡೆಯಿಂದ ಬರುವ ಮಕ್ಕಳು ಜಾಸ್ತಿ. 2019ರ ಹೊಸ ಪಠ್ಯಕ್ರಮದಿಂದ ಶುರುವಿನಲ್ಲೇ ಅವರಿಗೆ ಊರಿನ ಭಾಷೆಯ ಪಾಠ ಇದೆ. ಆದರೆ ‘ನಿಮ್ಮ ಹೆಸರೇನು, ಎಲ್ಲಿ ನೋವು’ ಇಷ್ಟರಿಂದ ರಾತ್ರಿ ಕ್ಯಾಶುವಾಲ್ಟಿಯಲ್ಲಿ ಕೆಲಸ ನಡೆಯುವುದಿಲ್ಲ. ಅವರಿಗಾಗಿ ಒಂದು ಪುಟದ ಪ್ರಶ್ನೆಗಳನ್ನು ಬರೆಯುತ್ತಿದ್ದೇನೆ. ಕೆಲವು ಕಡೆ ಸಿಕ್ಕಿಕೊಂಡಿದ್ದೇನೆ.

ಮೊದಲ ತೊಡಕು ತಲೆಬರಹದಲ್ಲೇ. ಬರಹಗಳಲ್ಲಿ ‘ತೀವ್ರ ಉದರಬೇನೆ’ ಅಂತ ಕಾಣುತ್ತೇವೆ. ‘ತೀವ್ರ’ ಅಂದರೆ ನಮಗೆ ಜೋರು ಅಂತಲೇ ಅರ್ಥ. ಡಾಕ್ಟರು ಹೇಳುವ ‘ಅಕ್ಯೂಟ್’ ಹಾಗಲ್ಲ. ಈಗಷ್ಟೇ ಶುರುವಾದದ್ದು, ಕಾಯಲು ಪುರುಸೊತ್ತಿಲ್ಲದ್ದು ಅಂತ. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಕರುಳು ತೂತಾಗಿದ್ದರೂ ನೋವು ಅಷ್ಟೇನೂ ಜೋರಿಲ್ಲದೆ ಇರಬಹುದು. ಹಾಗಾಗಿ ನಾನು ‘ದಿಢೀರ್ ಹೊಟ್ಟೆನೋವು’ ಅಂತ ಹಾಕಿದೆ. ದಿಢೀರ್ ದೋಸೆ ಹಾಗಾಯ್ತು ಅಂತ ನಮ್ಮ ಸಿಸ್ಟರ್ ನಕ್ಕರು. ನಗಲಿ, ಅರ್ಥ ಆಯ್ತಲ್ವಾ.

‘ಬೇನೆ’ಯನ್ನು ಬಿಟ್ಟದ್ದಕ್ಕೂ ಕಾರಣ ಉಂಟು. ತುಳುವಿನಲ್ಲಿ ‘ಬಂಜಿ ಬೇನೆ’ ಅಂದರೆ ಬರೀ ಹೊಟ್ಟೆನೋವು. ಮೈಸೂರು ಕಡೆಯವರಿಗೆ ಬೇನೆ ಅಂದ ಕೂಡಲೇ ಹೆರಿಗೆ ನೆನಪಾಗುತ್ತದೆ. ಉತ್ತರ ಕರ್ನಾಟಕದವರಿಗೆ ಯಾವ ಕಾಯಿಲೆಯಾದರೂ ಬೇನೆಯೇ. ಒಂದೇ ವಾರ್ಡಿನಲ್ಲಿ ಮೂವರೂ ಇರುತ್ತಾರೆ.

ಈಗ ನಿಜವಾದ ಸಮಸ್ಯೆಗೆ ಬರುತ್ತೇನೆ. ಕರುಳು ಕಟ್ಟಿಕೊಂಡಿದೆಯಾ ಅಂತ ತಿಳಿಯಲು ಕೇಳಲೇಬೇಕಾದ ಒಂದು ಪ್ರಶ್ನೆ ಇದೆ. ವಾಂತಿ, ಹೊಟ್ಟೆ ಉಬ್ಬರ, ಬಿಟ್ಟು ಬಿಟ್ಟು ಹಿಂಡುವ ನೋವು, ಇವುಗಳ ಜೊತೆಗೆ ಮಲವೂ ಇಲ್ಲ, ಕೆಳಗಿನಿಂದ ಗಾಳಿಯೂ ಇಲ್ಲ ಅಂದರೆ ದಾರಿ ಪೂರ್ತಿ ಮುಚ್ಚಿರುವ ಸಂಶಯ. ಕೂಡಲೇ ಬಾಯಿಗೆ ಏನೂ ಕೊಡದೆ, ಡ್ರಿಪ್ ಹಾಕಿ, ಮೂಗಿನಿಂದ ಟ್ಯೂಬ್ ಇಳಿಸಿ, ಎಕ್ಸ್‌ರೇಗೋ ಸಿ.ಟಿ.ಗೋ ಕಳಿಸುತ್ತಾರೆ. ಇದನ್ನು ಎಲ್ಲರೂ ಕೇಳುವ ರೀತಿ ‘ಗ್ಯಾಸ್ ಹೋಗ್ತಿದೆಯಾ?’ ಅಂತ. ಬರುವ ಉತ್ತರ ನೋಡಿ:

‘ಹೌದು ಡಾಕ್ಟ್ರೇ, ಗ್ಯಾಸೇ ಗ್ಯಾಸ್. ನಿನ್ನೆಯಿಂದ ತೇಗಿ ತೇಗಿ ಸಾಕಾಯ್ತು.’

ಹೊಸ ಹುಡುಗ ‘ಗ್ಯಾಸ್ ಹೋಗುತ್ತಿದೆ’ ಅಂತ ಬರೆದುಬಿಡುತ್ತಾನೆ. ಅರ್ಥ ಪೂರಾ ತಿರುಗಿತು. ನಮ್ಮಲ್ಲಿ ಗ್ಯಾಸ್ ಅಂದರೆ ಎದೆಯುರಿ, ಹೊಟ್ಟೆ ಉಬ್ಬರ, ಹುಳಿತೇಗು ಎಲ್ಲ ಸೇರಿದ ಒಂದು ದೊಡ್ಡ ಚೀಲ. ಹಾರ್ಟ್ ಅಟ್ಯಾಕಿನ ನೋವು ಕೆಲವರಿಗೆ ಹೊಟ್ಟೆಯ ಮೇಲ್ಭಾಗದಲ್ಲೇ ಕಾಣಿಸಿಕೊಳ್ಳುತ್ತದೆ. ಅದನ್ನೂ ಗ್ಯಾಸ್ ಅಂತ ಓಮದ ನೀರು ಕುಡಿದು ಕೂರುವವರಿದ್ದಾರೆ. ಅದಕ್ಕೇ ಇಂಥವರಿಗೆ ಮೊದಲು ಇ.ಸಿ.ಜಿ.

ಹಾಗಾದರೆ ಯಾವ ಪದ? ‘ಹೂಸು’ ಸರಿಯಾದ ಕನ್ನಡ, ಆದರೆ ಸೊಸೆ, ಅಳಿಯ ಎಲ್ಲ ಸುತ್ತ ನಿಂತಿರುವಾಗ ಅಜ್ಜಿಯನ್ನು ಹಾಗೆ ಕೇಳಲು ಆಗುವುದಿಲ್ಲ. ತುಳುವಿನದು ಇನ್ನೂ ಒರಟು, ಇಲ್ಲಿ ಬರೆಯುವುದಿಲ್ಲ. ‘ಅಪಾನವಾಯು’ ಅಂದರೆ ಅರ್ಧ ಜನ ಪ್ರಾಣಾಯಾಮದ ಪಾಠ ಅಂದುಕೊಳ್ಳುತ್ತಾರೆ. ಸದ್ಯಕ್ಕೆ ‘ಕೆಳಗಿನಿಂದ ಗಾಳಿ ಹೋಗಿ ಎಷ್ಟು ಹೊತ್ತಾಯಿತು?’ ಅಂತ ಬರೆದಿದ್ದೇನೆ. ಹೌದು-ಇಲ್ಲ ಅನ್ನಲು ಬಿಡದೆ ‘ಎಷ್ಟು ಹೊತ್ತು’ ಅಂತ ಕೇಳಿದರೆ ತೇಗು ಬೇರೆಯಾಗಿ ನಿಲ್ಲುತ್ತದೆ. ಆಪರೇಷನ್ ಆದ ಮೇಲೂ ಇದೇ ಪ್ರಶ್ನೆ ದಿನಾ ಬೇಕು.

ನೋವಿನ ರೀತಿಗೆ ನಮ್ಮಲ್ಲಿ ಪದಗಳಿಗೆ ಬರ ಇಲ್ಲ. ನುಲಿತ, ಮುರಿತ, ಹಿಂಡು, ಚುಚ್ಚು, ಉರಿ, ಶೂಲೆ. ಕಿಡ್ನಿ ಕಲ್ಲಿನವರು ಹೊರಳಾಡುತ್ತಾರೆ. ಹೊಟ್ಟೆಯೊಳಗೆ ಕೀವು ಹರಡಿದವರು ಮಿಸುಕದೆ ಮಲಗುತ್ತಾರೆ, ಕೆಮ್ಮಿದರೂ ನೋವು. ಅಪೆಂಡಿಕ್ಸ್‌ಗೆ ‘ಕರುಳುಬಾಲ’ ಬೇಡ, ಅಪೆಂಡಿಕ್ಸ್ ಅಂತಲೇ ಇರಲಿ. ‘ಮೊದಲು ಹೊಕ್ಕುಳ ಸುತ್ತ ಇತ್ತಾ, ಆಮೇಲೆ ಬಲಗಡೆ ಕೆಳಗೆ ಬಂತಾ’ ಅಂತ ಕೇಳಿದರೆ ಸಾಕು.

ಆದರೆ ‘ಹೊಟ್ಟೆ ಗಟ್ಟಿಯಾಗಿದೆ’ ಅನ್ನುವುದನ್ನು ನಂಬುವ ಹಾಗಿಲ್ಲ. ರೋಗಿಗೆ ಅದು ಮಲಬದ್ಧತೆ ಇರಬಹುದು, ಉಬ್ಬರ ಇರಬಹುದು. ಡಾಕ್ಟರಿಗೆ ಕೈ ಇಟ್ಟಾಗ ಸ್ನಾಯು ಹಲಗೆಯ ಹಾಗೆ ಬಿಗಿದಿರುವುದು. ಮುಟ್ಟುವಾಗ ಹೆದರಿ ಬಿಗಿ ಹಿಡಿಯುವುದು ಬೇರೆ, ಬಿಡು ಅಂದರೂ ಬಿಡದ ಬಿಗಿತ ಬೇರೆ. ಎರಡಕ್ಕೂ ಬೇರೆ ಬೇರೆ ಪದ ನಿಮ್ಮ ಕಡೆ ಇದೆಯಾ?

ಇನ್ನೊಂದು. ಹೆಂಗಸರಿಗೆ ಹೊಟ್ಟೆನೋವು ಅಂದರೆ ಮುಟ್ಟು ಯಾವಾಗ ಆದದ್ದು ಅಂತ ಕೇಳಲೇಬೇಕು. ಮುಟ್ಟು ತಪ್ಪಿದ್ದರೆ ಬಸಿರು ಇರಬಹುದು. ಅದು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತು ಒಡೆದರೆ ಒಳಗೇ ರಕ್ತ ಸೋರುತ್ತದೆ. ಮೂತ್ರದ ಟೆಸ್ಟ್ ಹೇಗೂ ಮಾಡುತ್ತಾರೆ, ಆದರೂ ಕೇಳಬೇಕು. ಹುಡುಗಿಯರಿಗೆ ‘ಡೇಟ್’ ಅಂದರೆ ತಿಳಿಯುತ್ತದೆ, ಹಿರಿಯರು ‘ಹೊರಗೆ ಆಗುವುದು’ ಅನ್ನುತ್ತಾರೆ. ಕುಂದಾಪುರ, ಕಾರ್ಕಳ, ಸುಳ್ಯದವರು ಮನೆಯಲ್ಲಿ ಏನಂತೀರಿ? ಕೊಂಕಣಿ, ಬ್ಯಾರಿ ಮಾತಾಡುವವರೂ ಬರೆಯಿರಿ. ‘ಕೆಳಗಿನ ಗಾಳಿ’ಗೂ ಸೇರಿಸಿಯೇ ಬರೆಯಿರಿ, ನಾಚಿಕೆ ಬೇಡ.