ಎಕ್ಸಾಸ್ಟ್ ಬೋಲ್ಟ್ ತಲೆ ರೌಂಡ್ ಆಗಿದೆ, ಬಿಚ್ಚೋದ್ ಹೆಂಗೆ?

ಹೊಸನಗರ_ಹುಡ್ಗ: ಹಳೇ ಪೆಟ್ರೋಲ್ ಕಾರು, ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್ನಿಂದ ಹೊಗೆ ಹೊರಗೆ ತರೋ ಪೈಪು) ಗ್ಯಾಸ್ಕೆಟ್ ಹೋಗಿದೆ. ನಮ್ಮ ಕಡೆ ಮಳೆಗೆ ಗೊತ್ತಲ್ಲ, ಎಲ್ಲಾ ತುಕ್ಕು, ಕೊನೇ ಬೋಲ್ಟಿನ ತಲೆ ಸವೆದು ಸ್ಪ್ಯಾನರ್ ಕೂರ್ತಾನೇ ಇಲ್ಲ. ಬೋಲ್ಟ್ ಕೂತಿರೋ ಇಂಜಿನ್ ಹೆಡ್ಡು ಅಲ್ಯೂಮಿನಿಯಂ. ಬೋಲ್ಟಿಗೆ ತೂತು ಕೊರ್ದು ಒಳಗಿಂದ ಹಿಡ್ದು ತಿರುಗ್ಸೋ ಈಸಿ ಔಟ್ ಹಾಕ್ಲಾ?

ಸಾಗರ_ಗ್ಯಾರೇಜ್: ಈಸಿ ಔಟ್ ಈಗ್ಲೇ ಬ್ಯಾಡ ಮಾರಾಯ, ಅದು ಒಳಗೆ ಮುರೀತು ಅಂದ್ರೆ ಮಾಮೂಲಿ ಡ್ರಿಲ್ ಬಿಟ್ ಅದನ್ನ ಮುಟ್ಟೋದೂ ಇಲ್ಲ, ಅಷ್ಟು ಗಟ್ಟಿ. ರಾತ್ರಿ ತುಕ್ಕು ಬಿಡ್ಸೋ ಆಯಿಲ್ ಹೊಡ್ದು ಬಿಡು, ಬೆಳಿಗ್ಗೆ ತಲೆ ಮೇಲೆ ನೇರಕ್ಕೆ ಸುತ್ತಿಗೇಲಿ ಟಕಟಕ ಬಡಿ. ತಲೆ 12 ಎಂಎಂ ಆಗಿದ್ರೆ 11ರ ಆರು ಮೂಲೆ ಸಾಕೆಟ್ ಬಡ್ದು ಕೂರ್ಸು, ಹನ್ನೆರಡು ಮೂಲೇದು ಜಾರತ್ತೆ. ಒಂದೇ ಸಲ ಎಳೀಬೇಡ, ಒಂಚೂರು ಬಿಗಿ ಮಾಡು, ಒಂಚೂರು ಬಿಡ್ಸು.

ತೀರ್ಥಳ್ಳಿ_ವೆಲ್ಡರ್: ಅದಕ್ಕೂ ಬರ್ದಿದ್ರೆ ತಲೆ ಮೇಲೆ ನಟ್ ಇಟ್ಟು ವೆಲ್ಡ್ ಮಾಡ್ಸಿ, ನಂಗೆ ಇದ್ರ ಮೇಲೇ ನಂಬ್ಕೆ ಜಾಸ್ತಿ, ಯಾಕಂದ್ರೆ ಹಿಡಿಯಕ್ಕೆ ಹೊಸ ತಲೆ ಸಿಗೋದ್ರ ಜೊತೆಗೆ ಬಿಸಿಗೆ ತುಕ್ಕಿನ ಹಿಡಿತಾನೂ ಸಡ್ಲ ಆಗತ್ತೆ. ಮೊದ್ಲು ಬ್ಯಾಟರಿ ವೈರ್ ತೆಗೀರಿ, ಪೆಟ್ರೋಲ್ ಪೈಪ್ ಹತ್ರ ಇದ್ರೆ ಬೆಂಕಿ ಕೆಲ್ಸ ಮಾಡ್ಲೇಬೇಡಿ.

ಹೊಸನಗರ_ಹುಡ್ಗ: 11 ಕೂತ್ಕೊಂತು ಅಣ್ಣ, ಕಿರ್ ಅಂತ ತಿರುಗಿ ಬಂದೇಬಿಡ್ತು! ಹೆಡ್ಡಿನ ತೂತಿನ ಥ್ರೆಡ್ಡಲ್ಲಿ ತುಕ್ಕು ಪುಡಿ ತುಂಬಿದೆ.

ಸಾಗರ_ಗ್ಯಾರೇಜ್: ಹಳೇ ಬೋಲ್ಟ್ ಬಿಸಾಕು. ಅದು 8 ಎಂಎಂ, 1.25 ಪಿಚ್ (ಥ್ರೆಡ್ ಸುತ್ತುಗಳ ನಡುವಿನ ಅಂತರ) ಆಗಿದ್ರೆ ಅದೇ ಅಳತೆ ಟ್ಯಾಪ್, ಅಂದ್ರೆ ಥ್ರೆಡ್ ಕೊರೆಯೋ ಟೂಲು, ತೂತಲ್ಲಿ ಕೈಯಲ್ಲೇ ನಿಧಾನಕ್ಕೆ ಓಡ್ಸು. ಥ್ರೆಡ್ ಹೋಗಿದ್ರೆ ಶಿವಮೊಗ್ಗ ಆಟೋ ಕಾಂಪ್ಲೆಕ್ಸಲ್ಲಿ ಹೆಲಿಕಾಯಿಲ್ (ಹಾಳಾದ ಥ್ರೆಡ್ ಜಾಗಕ್ಕೆ ಕೂರ್ಸೋ ಸುರುಳಿ ತಂತಿ) ಹಾಕೋರನ್ನ ವಿಚಾರ್ಸು.